ಚಾಲಕನಿಲ್ಲದ ಗಾಡಿಗೆ ಆರತಿ, ಶೇರ್ ಆಟೋಗೆ ದಂಡ!

ಸಂಜೆ ಏಳಕ್ಕೆ ಬೆಂಗಳೂರಿನ ಕೆ.ಆರ್. ಪುರದ ತೂಗುಸೇತುವೆ ಬಳಿ ನಿಂತು ನೋಡಿದ್ದೀರಾ? ಟೆಂಪೋ ಬಾಗಿಲಿಗೆ ಜೋತುಬಿದ್ದ ಹುಡುಗ 'ಮಾರತ್ತಹಳ್ಳಿ, ಸಿಲ್ಕ್ ಬೋರ್ಡ್' ಎಂದು ಕೂಗುತ್ತಾನೆ. ಒಬ್ಬರಿಗೊಬ್ಬರು ಗುರುತಿಲ್ಲದ ಹತ್ತು ಜನ ಹತ್ತುತ್ತಾರೆ. ವೇಳಾಪಟ್ಟಿ ಇಲ್ಲ, ಟಿಕೆಟ್ ಇಲ್ಲ. ಸೀಟು ತುಂಬಿತು, ಗಾಡಿ ಹೊರಟಿತು.

ಈಗ ಕಂಪ್ಯೂಟರ್ ಪಂಡಿತರು ಇದನ್ನೇ ಭವಿಷ್ಯ ಎನ್ನುತ್ತಿದ್ದಾರೆ. ತಾನೇ ಓಡುವ ಗಾಡಿ ಬರುತ್ತದಂತೆ, ಒಂದೇ ದಿಕ್ಕಿನ ಜನರನ್ನು ಅಲ್ಲಲ್ಲಿ ಹತ್ತಿಸಿ ಇಳಿಸುತ್ತದಂತೆ. ಸ್ವಾಮಿ, ಇದು ನಮ್ಮ ಶೇರ್ ಆಟೋ ಅಲ್ಲದೆ ಮತ್ತೇನು? ಅಮೆರಿಕದ ಫೀನಿಕ್ಸ್‌ನಲ್ಲಿ ವೇಮೋ ಕಂಪನಿ 2020ರಿಂದ ಚಾಲಕನಿಲ್ಲದ ಟ್ಯಾಕ್ಸಿಯನ್ನು ಜನರಿಗೆ ಬಿಟ್ಟಿದೆ, ನಿಜ. ಆದರೆ ಅದರಲ್ಲಿ ಕೂರುವವರು ಕರೆದವರಷ್ಟೇ. ಅಪರಿಚಿತರನ್ನು ಒಟ್ಟಿಗೆ ಕೂರಿಸುವ ವಿದ್ಯೆಯಲ್ಲಿ ನಮ್ಮ ಟೆಂಪೋ ಹುಡುಗನೇ ಮುಂದೆ.

ಆದರೂ ಕಾನೂನಿನ ಕಣ್ಣಿಗೆ ಅವನು ಕಳ್ಳ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಆಟೋ, ಮ್ಯಾಕ್ಸಿಕ್ಯಾಬ್‌ಗಳು ಒಪ್ಪಂದದ ವಾಹನಗಳು. ಇಡೀ ಗಾಡಿ ಬಾಡಿಗೆಗೆ ಹೋಗಬೇಕು. ತಲೆಗಿಷ್ಟು ಎಂದು ದಾರಿಯಲ್ಲಿ ಹತ್ತಿಸಿ ಇಳಿಸುವಂತಿಲ್ಲ. 2017ರಲ್ಲಿ ಇದೇ ಕಾನೂನು ತೋರಿಸಿ ನಮ್ಮ ಸಾರಿಗೆ ಇಲಾಖೆ ಓಲಾ, ಊಬರ್‌ಗಳ ಹಂಚಿಕೆ ಸವಾರಿಯೂ ಅಕ್ರಮ ಎಂದಿತು. ನಾಳೆ ಚಾಲಕನಿಲ್ಲದ ಗಾಡಿ ಬಂದರೆ ಅದಕ್ಕೂ ಇದೇ ತೊಡಕು. ಆಗ ಕಾಯ್ದೆಯನ್ನೇ ತಿದ್ದುತ್ತಾರೆ, ನೋಡುತ್ತಿರಿ! ದುಡ್ಡಿದ್ದವನಿಗಾಗಿ ನಾಳೆ ತಿದ್ದುವುದನ್ನು ಆಟೋದವನಿಗಾಗಿ ಇಂದೇ ಯಾಕೆ ತಿದ್ದಬಾರದು?

ಟೆಂಪೋದವರು ಸಾಧುಗಳೆಂದು ನಾವು ಹೇಳುತ್ತಿಲ್ಲ. ಕುರಿ ತುಂಬಿದಂತೆ ತುಂಬುತ್ತಾರೆ, ಗಿರಾಕಿ ಕಂಡರೆ ನಡುರಸ್ತೆಯಲ್ಲೇ ಬ್ರೇಕ್ ಹಾಕುತ್ತಾರೆ, ಕತ್ತಲಾದರೆ ಹೆಣ್ಣುಮಕ್ಕಳು ಹತ್ತಲು ಹಿಂಜರಿಯುತ್ತಾರೆ. ಯಂತ್ರ ಕುಡಿದು ಓಡಿಸುವುದಿಲ್ಲ, ಒಪ್ಪೋಣ. ಆದರೆ 2023ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇರೊಂದು ಕಾರು ಹೊಡೆದು ಬಿದ್ದ ಹೆಂಗಸನ್ನು ಕ್ರೂಸ್ ಕಂಪನಿಯ ಚಾಲಕರಹಿತ ಗಾಡಿ ಸುಮಾರು 20 ಅಡಿ ಎಳೆದೊಯ್ದಿತು. ನಮ್ಮ ಯಾವ ಒರಟ ಡ್ರೈವರನಿಗೂ ಕೆಳಗೊಂದು ಜೀವ ಇದೆಯೆಂದು ಸುತ್ತಲಿನ ಜನ ಕೂಗಿ ಹೇಳುತ್ತಿದ್ದರು.

ಚಾಲಕರ ಅನ್ನಕ್ಕೆ ಕಲ್ಲು ಬೀಳುತ್ತದೆ, ಇಂಥ ಕಾರುಗಳನ್ನು ದೇಶದೊಳಗೆ ಬಿಡುವುದಿಲ್ಲ ಎಂದು ಕೇಂದ್ರ ಸಚಿವ ನಿತಿನ್ ಗಡ್ಕರಿ 2017ರಲ್ಲೂ ಹೇಳಿದರು, 2023ರಲ್ಲೂ ಹೇಳಿದರು. ಸಂತೋಷ. ಆದರೆ ಬಾಗಿಲು ಹಾಕಿದರಷ್ಟೇ ಸಾಲದು. ಆಟೋದವನಿಗೆ ಮಾರ್ಗದ ಪರವಾನಗಿ, ಗೊತ್ತಾದ ದರ, ನಿಲ್ಲಲು ಜಾಗ ಕೊಡಿ. ಆಮೇಲೂ ತಪ್ಪಿದರೆ ದಂಡ ಹಾಕಿ, ನಾವೇ ಚಪ್ಪಾಳೆ ತಟ್ಟುತ್ತೇವೆ.

ನೀವೂ ಒಂದು ಕೆಲಸ ಮಾಡಿ. ನಾಳೆ ಶೇರ್ ಆಟೋ ಹತ್ತಿದಾಗ, ಈ ತಿಂಗಳು ಎಷ್ಟು ದಂಡ ಕಟ್ಟಿದೆ ಅಣ್ಣಾ ಎಂದು ಕೇಳಿ. ಆ ಲೆಕ್ಕ ಬರೆದು ನಮಗೆ ಕಳಿಸಿ.