ಹೊಳೆ ನೀರಿನ ಲೆಕ್ಕ ಸಿಕ್ತು, ಕೆಸರಿನ ಲೆಕ್ಕ?

ತುಂಗೆ, ಭದ್ರೆ ಎರಡೂ ಕೆಟ್ಟಿವೆ ಅಂತ ಸರ್ಕಾರವೇ ಒಪ್ಪಿ ವರ್ಷಗಳಾದವು. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಗೆ ಕರ್ನಾಟಕದ 17 ನದಿಪಾತ್ರಗಳು ಸೇರಿದವು. ಶಿವಮೊಗ್ಗದಿಂದ ಕೂಡ್ಲಿವರೆಗಿನ ತುಂಗೆಯೂ ಅದರಲ್ಲಿತ್ತು, ಭದ್ರಾವತಿಯಿಂದ ಹೊಳೆಹೊನ್ನೂರಿನವರೆಗಿನ ಭದ್ರೆಯೂ ಇತ್ತು. ಆದರೆ ಆ ಪಟ್ಟಿಗಾಗಿ ಪರೀಕ್ಷೆ ಮಾಡಿದ್ದು ಬರೀ ನೀರನ್ನು.

ನೀರು ಇವತ್ತು ಇಲ್ಲಿ, ನಾಳೆ ಹರಿಹರದಲ್ಲಿ. ಇಲ್ಲೇ ಕೂತುಬಿಡೋದು ಕೆಸರು. ಗಟಾರದ ಕೊಳೆಯಾಗಲಿ ಲೋಹದ ಅಂಶವಾಗಲಿ ಮರಳಿಗೆ ಅಷ್ಟಾಗಿ ಅಂಟುವುದಿಲ್ಲ, ನುಣುಪಾದ ಜೇಡಿಗೆ ಅಂಟುತ್ತೆ. ಹೊಳೆ ನಿಧಾನವಾಗುವ ತಿರುವಿನಲ್ಲಿ, ಮಡುವಿನಲ್ಲಿ, ಒಡ್ಡಿನ ಹಿಂದೆ ಆ ಜೇಡಿ ಪದರ ಪದರವಾಗಿ ಇಳಿಯುತ್ತೆ. ಮಳೆಗಾಲದ ಕೆನ್ನೀರು ಬಂದು ಕಲಕಿದರೆ ಹಳೆಯದು ಮತ್ತೆ ಮೇಲಕ್ಕೆ!

ಭದ್ರಾವತಿಯ ವಿಷಯ ಇನ್ನೂ ಸೂಕ್ಷ್ಮ. 1923ರಲ್ಲಿ ಕಬ್ಬಿಣದ ಕುಲುಮೆ ಉರಿಯಿತು, 1936ರಲ್ಲಿ ಕಾಗದದ ಕಾರ್ಖಾನೆ ಹುಟ್ಟಿತು. ಊರಿಗೆ ಅನ್ನ ಹಾಕಿದ ಕಾರ್ಖಾನೆಗಳು, ಇಲ್ಲ ಅನ್ನುವವರು ಯಾರೂ ಇಲ್ಲ. ಎಂಪಿಎಂನಲ್ಲಿ ಕಾಗದದ ಕೆಲಸ 2015ರಲ್ಲಿ ನಿಂತಿತು. ಇಷ್ಟು ವರ್ಷಗಳಲ್ಲಿ ಭದ್ರೆಯ ತಳದಲ್ಲಿ ಏನು ಉಳಿದಿದೆ, ಏನೂ ಉಳಿದಿಲ್ಲವೋ, ಅದನ್ನು ತಳದ ಮಣ್ಣೇ ಹೇಳಬೇಕು.

ರೈತನ ಹೊಲದ ಮಣ್ಣಿಗೆ 2015ರಿಂದ ಆರೋಗ್ಯ ಕಾರ್ಡ್ ಇದೆ. ನೀರಡಿಯ ಮಣ್ಣೂ ಮಣ್ಣೇ ತಾನೆ ಸ್ವಾಮಿ? ಅಮೆರಿಕದವರು 2010ರಲ್ಲೇ ಅದನ್ನು ತಮ್ಮ ಮಣ್ಣಿನ ವರ್ಗೀಕರಣಕ್ಕೆ ಸೇರಿಸಿಕೊಂಡರು. ಅಲ್ಲಿನ ಕರಾವಳಿಯಲ್ಲಿ ಚಿಪ್ಪು ಎಲ್ಲಿ ಸಾಕಬಹುದು, ಹೂಳು ಎಲ್ಲಿ ಮುಟ್ಟಬಾರದು ಅಂತ ತಳದ ನಕ್ಷೆ ನೋಡಿ ಹೇಳುತ್ತಾರೆ. ಇದಕ್ಕೆ ಬೇಕಾಗೋದು ಒಂದು ತೆಪ್ಪ, ಆಳ ಅಳೆಯುವ ಯಂತ್ರ, ಕೆಸರಿಗೆ ಊರುವ ಕೊಳವೆ, ಒಂದು ಪ್ರಯೋಗಾಲಯ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ, ನವುಲೆಯಲ್ಲಿ ಕೃಷಿ ಕಾಲೇಜಿದೆ. ಜನಕ್ಕೇನು ಬರವಿಲ್ಲ.

ಅವಸರ ಯಾಕೆ ಅಂತೀರಾ? ಎರಡೂ ಹೊಳೆ ಸೇರಿ ತುಂಬಿಸುವ ಹೊಸಪೇಟೆಯ ತುಂಗಭದ್ರಾ ಜಲಾಶಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. ಹೂಳೆತ್ತಿ ಅನ್ನುವ ಕೂಗು ಅಲ್ಲಿ ಹಳೆಯದು. ನಾಳೆ ಇಲ್ಲಿನ ಹೊಳೆಗೂ ಜೆಸಿಬಿ ಇಳಿದರೆ, ಆ ಹೂಳು ಗೊಬ್ಬರ ಅಂತ ಗದ್ದೆಗೆ, ಅಡಿಕೆ ತೋಟಕ್ಕೇ ಹೋಗೋದು. ಯಾವ ಮಡುವಿನ ಹೂಳು ತೋಟಕ್ಕೆ ಒಳ್ಳೇದು, ಯಾವುದು ಕೆಟ್ಟದ್ದು ಅಂತ ಲಾರಿ ಡ್ರೈವರ್ ಹೇಳ್ತಾನಾ?

ಸ್ಮಾರ್ಟ್ ಸಿಟಿ ದುಡ್ಡಲ್ಲಿ ತುಂಗೆಯ ದಂಡೆ ಸಿಂಗಾರವಾಯ್ತು, ಸಂತೋಷ. ಬೇಸಿಗೆಯಲ್ಲಿ ನೀರು ಇಳಿದಾಗ ಮಾಲಿನ್ಯ ಮಂಡಳಿಯವರು ಗಾಜನೂರಿನಿಂದ, ಅತ್ತ ಲಕ್ಕವಳ್ಳಿಯಿಂದ ಕೂಡ್ಲಿವರೆಗೆ ತಳದ ಮಣ್ಣಿನ ನಕ್ಷೆ ಮಾಡಿಸಲಿ. ಮಾಡಿ ಬೀರುವಿನಲ್ಲಿಡದೆ ಪಾಲಿಕೆ, ನಗರಸಭೆಯ ಬಾಗಿಲಿಗೆ ಅಂಟಿಸಲಿ.