ಎಣಿಸಿದ್ದು ಯಾರು ಸ್ವಾಮಿ, ಈ 40,000?

2006ರಲ್ಲಿ ಜರ್ಮನಿಯಲ್ಲಿ ವಿಶ್ವಕಪ್ ಫುಟ್‌ಬಾಲ್ ಶುರುವಾಗುವ ಮುಂಚೆಯೇ ಒಂದು ಗುಲ್ಲೆದ್ದಿತು. ಆಟ ನೋಡಲು ಬರುವ ಗಂಡಸರಿಗಾಗಿ 40,000 ಹೆಂಗಸರನ್ನು ಹೊರದೇಶಗಳಿಂದ ಸಾಗಿಸಿ ತಂದು ದಂಧೆಗೆ ನೂಕುತ್ತಾರಂತೆ! ಪತ್ರಿಕೆಗಳು ಬರೆದದ್ದೇ ಬರೆದದ್ದು. ದೊಡ್ಡ ಸಂಖ್ಯೆ ಕಂಡರೆ ಪತ್ರಿಕೆಯವರಿಗೆ ಇರುವೆಗೆ ಬೆಲ್ಲ ಸಿಕ್ಕ ಹಾಗೆ. ಆಟ ಮುಗಿದ ಮೇಲೆ ಜರ್ಮನ್ ಸರ್ಕಾರವೇ ಐರೋಪ್ಯ ಒಕ್ಕೂಟಕ್ಕೆ ವರದಿ ಕೊಟ್ಟಿತು: ತನಿಖೆಯಾದ 33 ಪ್ರಕರಣಗಳಲ್ಲಿ ವಿಶ್ವಕಪ್ಪಿಗೆ ನೇರ ಸಂಬಂಧ ಕಂಡದ್ದು 5ಕ್ಕೆ ಮಾತ್ರ.

2010ರಲ್ಲಿ ಪಂದ್ಯಾವಳಿ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಅಲ್ಲೂ ಅದೇ 40,000! ದೇಶ ಬದಲಾದರೂ ಲೆಕ್ಕ ಬದಲಾಗಲಿಲ್ಲ.

ಹಾಗಂತ ಹೆಂಗಸರ ಸಾಗಣೆಯೇ ಸುಳ್ಳು ಅನ್ನೋ ಹಾಗಿಲ್ಲ. ಆ ಐದು ಪ್ರಕರಣಗಳಲ್ಲಿ ಸಿಕ್ಕಿಬಿದ್ದವರ ಗೋಳು ಗೋಳೇ. ಆದರೆ ದಲ್ಲಾಳಿ ಒಂದು ತಿಂಗಳ ಆಟಕ್ಕೆ ಕಾದು ಕೂರೋದಿಲ್ಲ. 'ಕೆಲಸ ಕೊಡಿಸ್ತೀನಿ, ಮದುವೆ ಮಾಡಿಸ್ತೀನಿ' ಅಂತ ಬಡವರ ಬಾಗಿಲಿಗೆ ಅವನು ವರ್ಷವಿಡೀ ಬರುತ್ತಾನೆ. ಎಷ್ಟೋ ಸಲ ಗುರುತಿನವನೇ, ನೆಂಟನೇ. ಆಮೇಲೆ ಇಲ್ಲದ ಸಾಲದ ಲೆಕ್ಕ ಹೇಳಿ ಕೂಡಿಹಾಕುತ್ತಾನೆ. ಕ್ರೀಡಾಂಗಣದ ಸುತ್ತ ನಾಲ್ಕು ದಿನ ದಾಳಿ ಮಾಡಿ, ಬೀದಿಯ ಹೆಂಗಸರನ್ನು ವ್ಯಾನಿಗೆ ತುಂಬಿದರೆ ಅವನ ಕೂದಲೂ ಕೊಂಕುವುದಿಲ್ಲ.

ಕಪ್ಪು ಗೆದ್ದವರು ಊರಿಗೆ ಹೋದ ಮೇಲೂ ಆ ದಲ್ಲಾಳಿಯ ಹಿಂದೆ ಎಷ್ಟು ಮಂದಿ ಪೊಲೀಸರಿರುತ್ತಾರೆ? 40,000 ಎಣಿಸಿದವರು ಮೊದಲು ಆ ಲೆಕ್ಕ ಕೊಡಲಿ.