ಅರ್ಜಿ ಬರೆಯಲು ಒದಗದ ಇಂಗ್ಲಿಷ್



ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದ್ದರೂ, ಕಡೂರು, ತರೀಕೆರೆ, ಅಜ್ಜಂಪುರಗಳ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಲ್ಲಿ ಅನೇಕರು ಪದವಿ ಮುಗಿಸುವ ಹೊತ್ತಿಗೂ ಕಚೇರಿಗೊಂದು ಪತ್ರ ಬರೆಯಲು ತಡವರಿಸುತ್ತಾರೆ. ಕೊರತೆಯಿರುವುದು ವ್ಯಾಕರಣದ ಪಾಠದಲ್ಲಲ್ಲ, ಉದ್ದೇಶನಿಷ್ಠ ಇಂಗ್ಲಿಷಿನಲ್ಲಿ, ಅಂದರೆ ಓದಿನ ಅಥವಾ ಉದ್ಯೋಗದ ನಿರ್ದಿಷ್ಟ ಕೆಲಸಕ್ಕೆಂದೇ ಕಲಿಸುವ ಭಾಷೆಯಲ್ಲಿ. ಉದಾಹರಣೆಗೆ, ಕನ್ನಡದಲ್ಲಿ ‘ಕಳಿಸು’ ಎಂಬುದು ‘ಕಳಿಸಿ’ ಆದೊಡನೆ ಗೌರವವು ಕ್ರಿಯಾಪದದೊಳಗೇ ಸೇರಿಕೊಳ್ಳುತ್ತದೆ. ಇಂಗ್ಲಿಷಿನ ‘ಸೆಂಡ್’ಗೆ ಆ ಅನುಕೂಲವಿಲ್ಲದ್ದರಿಂದ ವಿನಯವನ್ನು ‘ಕುಡ್ ಯು’ ಎಂಬ ಪ್ರಶ್ನೆಯ ರೂಪದಲ್ಲಿ ತರಬೇಕಾಗುತ್ತದೆ. ಇದನ್ನು ಹೇಳಿಕೊಡದಿದ್ದಾಗ ‘ಸೆಂಡ್ ಮೈ ಮಾರ್ಕ್ಸ್ ಕಾರ್ಡ್’ ಎಂಬ ಕೋರಿಕೆ ಅಪ್ಪಣೆಯಂತೆ ಕೇಳಿಸುತ್ತದೆ. ‘ಡೂ ದಿ ನೀಡ್‌ಫುಲ್’ ಎಂಬ ಹಳೆಯ ಕಚೇರಿ ಮಾತನ್ನು ಕೊನೆಗೆ ಅಂಟಿಸಿದರೂ ಅದು ಮೆದುವಾಗುವುದಿಲ್ಲ. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುವ ಇಲ್ಲಿನ ಪದವಿ ಕಾಲೇಜುಗಳು, ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದ ಕುರಿತ ಒಂದು ಪುಟದ ವರದಿ, ಬೀರೂರಿನ ಮಂಡಿಯಿಂದ ಹೊರರಾಜ್ಯದ ವರ್ತಕರಿಗೆ ಹೋಗಬಹುದಾದ ಒಂದು ಪತ್ರ, ಇಂಥವನ್ನು ತರಗತಿಯಲ್ಲೇ ಬರೆಸಿ, ತಿದ್ದಿ, ಮತ್ತೆ ಬರೆಸುವುದಕ್ಕೆ ವಾರಕ್ಕೊಂದು ಪೀರಿಯಡ್ಡನ್ನಾದರೂ ಮೀಸಲಿಡಬೇಕು.

— ಓದುಗರೊಬ್ಬರು, ಕಡೂರು